ಜಪಸರದಿಂದ ಕೈಪಟ್ಟಿಯವರೆಗೆ



ದಾರಿಯ ದೂರ ಹೇಳುವಾಗ ನಮ್ಮ ಹಿರಿಯರ ಬಾಯಿಂದ ಕಿಲೋಮೀಟರ್ ಎಂಬ ಮಾತು ಬರುತ್ತಿರಲಿಲ್ಲ. ಹರದಾರಿ ಎನ್ನುತ್ತಿದ್ದರು, ಗಾವುದ ಎನ್ನುತ್ತಿದ್ದರು. ಸೊಲ್ಲಾಪುರ, ಜತ್ತದ ಕಡೆಯವರು ಸಂತೆಯಲ್ಲಿ ಮರಾಠಿಯ ಕೋಸ ಕೇಳಿದವರು. ಆದವಾನಿ, ರಾಯದುರ್ಗದವರಿಗೆ ತೆಲುಗಿನ ಆಮಡ ಗೊತ್ತು. ತಾಳವಾಡಿಯವರಿಗೂ ಕಾಸರಗೋಡಿನವರಿಗೂ ಕಾದಂ ಎಂದರೆ ಅರ್ಥವಾಗುತ್ತದೆ. ಹೆಸರು ಬೇರೆ ಬೇರೆಯಾದರೂ ಇವೆಲ್ಲ ಕಾಲಿನಿಂದ ನಡೆದು ಗೊತ್ತಾದ ದೂರಗಳು. ಹೆಜ್ಜೆ, ಅಡುಗು, ಅಡಿ, ಚುವಡು, ಪಾವುಲ: ನಾವು ಯಾವ ಗಡಿಯಲ್ಲಿದ್ದರೂ ಎರಡು ಭಾಷೆಯಲ್ಲಿ ಹೆಜ್ಜೆ ಎಣಿಸಬಲ್ಲವರು. ಆದರೆ ಈಗ ಎಣಿಸುವ ಕೆಲಸವನ್ನು ನಾವು ಕೈಗೆ ಕಟ್ಟಿದ ಗಡಿಯಾರಕ್ಕೆ ಒಪ್ಪಿಸಿದ್ದೇವೆ.

ಅಕ್ಕಲಕೋಟ ತಾಲೂಕಿನ ನಮ್ಮ ಹಳ್ಳಿಯಲ್ಲಿ ನನ್ನ ಕಾಕಾ ಇದ್ದಾರೆ. ವಯಸ್ಸು ಎಪ್ಪತ್ತರ ಆಸುಪಾಸು, ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ದಾಟಿತು. ಪುಣೆಯಲ್ಲಿರುವ ಮಗ ದೀಪಾವಳಿಗೆ ಬಂದಾಗ ಅವರಿಗೊಂದು ಹೊಸ ನಮೂನೆಯ ಗಡಿಯಾರ ತಂದುಕೊಟ್ಟ. ಹೆಜ್ಜೆ ಎಣಿಸುತ್ತದೆ, ನಾಡಿ ನೋಡುತ್ತದೆ, ನಿದ್ದೆಯ ಲೆಕ್ಕ ಇಡುತ್ತದೆ. ನಾನು ಹೋದಾಗ ಕಾಕಾ ಅಂಗಿಯ ತೋಳು ಮಡಚಿ ತೋರಿಸಿದರು. “ತಮ್ಮಾ, ಇನ್ನ ಬೆರಳ ಚುಚ್ಚಿಸಿಕೊಳ್ಳೂದು ಮುಗೀತು ನೋಡು. ಈ ಘಡ್ಯಾಳ ಕಟಿಗೊಂಡ್ರ ಸಾಕು, ಬಿಪಿ ಹೇಳ್ತೈತಿ, ಸಕ್ರಿನೂ ಹೇಳ್ತೈತಿ” ಎಂದರು. ಆ ಘಡ್ಯಾಳದ ಮಾತಿಗೆ ಮತ್ತೆ ಬರುತ್ತೇನೆ.

ಇಂಥ ಗಡಿಯಾರಗಳೂ ಕೈಪಟ್ಟಿಗಳೂ ಈಗ ನೂರಾರು ನಮೂನೆಯಲ್ಲಿ ಸಿಗುತ್ತವೆ. ಯಾವುದು ಒಳ್ಳೆಯದು ಎಂದು ಹಲವರು ಕೇಳುತ್ತಾರೆ. ಅದಕ್ಕೆ ಮೊದಲು ಕೇಳಬೇಕಾದದ್ದು ಬೇರೆ ಇದೆ. ಇದು ಯಾವುದನ್ನು ನಿಜವಾಗಿ ಅಳೆಯುತ್ತದೆ, ಯಾವುದನ್ನು ಅಂದಾಜು ಮಾಡಿ ಹೇಳುತ್ತದೆ? ಪೆಟ್ಟಿಗೆಯ ಮೇಲೆ ಅಚ್ಚಾದ ಪಟ್ಟಿ ಓದಿದರೆ ಇದು ಗೊತ್ತಾಗದು. ಹೆಜ್ಜೆ ಎಣಿಸಿದವರ ಚರಿತ್ರೆಯನ್ನು ಸ್ವಲ್ಪ ತಿರುವಿದರೆ ಗೊತ್ತಾದೀತು.

ಮೈಲಿ ಎಂಬ ಮಾತೇ ಹೆಜ್ಜೆಯಿಂದ ಹುಟ್ಟಿದ್ದು. ಲ್ಯಾಟಿನ್ ಭಾಷೆಯಲ್ಲಿ ಮಿಲ್ಲೆ ಎಂದರೆ ಸಾವಿರ. ರೋಮನ್ನರು ಎಡಗಾಲು ಊರಿದ ಕಡೆಯಿಂದ ಮತ್ತೆ ಎಡಗಾಲು ಊರುವ ತನಕ ಒಂದು ಎಂದು ಎಣಿಸುತ್ತಿದ್ದರು. ಅಂಥ ಸಾವಿರ ಆದರೆ ಒಂದು ಮೈಲಿ. ನಮ್ಮ ಲೆಕ್ಕದಲ್ಲಿ ಅದು ಎರಡು ಸಾವಿರ ಹೆಜ್ಜೆ. ಮುಂದೆ ಇಟಲಿಯ ಲಿಯೊನಾರ್ಡೊ ದ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಹೆಜ್ಜೆಯನ್ನೂ ದೂರವನ್ನೂ ಎಣಿಸುವ ಯಂತ್ರಗಳ ಚಿತ್ರ ಬರೆದ. ಅಮೆರಿಕದ ಥಾಮಸ್ ಜೆಫರ್ಸನ್ 1788ರಲ್ಲಿ ಪ್ಯಾರಿಸ್ಸಿನಿಂದ ಗೆಳೆಯ ಜೇಮ್ಸ್ ಮ್ಯಾಡಿಸನ್‌ಗೆ ಹೆಜ್ಜೆ ಎಣಿಸುವ ಒಂದು ಯಂತ್ರವನ್ನೇ ಕಳಿಸಿದ. ಇಬ್ಬರೂ ಆಮೇಲೆ ಆ ದೇಶದ ಅಧ್ಯಕ್ಷರಾದವರು. ಯಂತ್ರವನ್ನು ಗಡಿಯಾರದ ಜೇಬಿನಲ್ಲಿಟ್ಟು, ಅದರ ದಾರವನ್ನು ಮೊಣಕಾಲಿನ ಹತ್ತಿರ ಕಟ್ಟಿಕೊಳ್ಳಬೇಕು. ಕಾಲು ಎತ್ತಿದಾಗಲೆಲ್ಲ ದಾರ ಜಗ್ಗಿ ಒಂದು ಅಂಕೆ ಮುಂದೆ ಹೋಗುತ್ತದೆ. ದೊಡ್ಡವರ ಆಟಿಕೆ ಎನ್ನಿ.

ಆಟಿಕೆಯ ಮಾತು ಬಿಟ್ಟು ಪ್ರಾಣಕ್ಕೆ ಕುತ್ತು ತರುವ ಎಣಿಕೆ ನಡೆದದ್ದು ನಮ್ಮ ದೇಶದಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬ್ರಿಟಿಷರ ಭೂಮಾಪನ ಇಲಾಖೆ ಹಿಂದುಸ್ತಾನವನ್ನು ಬಹುಮಟ್ಟಿಗೆ ಅಳೆದು ಮುಗಿಸುತ್ತ ಬಂದಿತ್ತು. ಹಿಮಾಲಯದ ಆಚೆಯ ಟಿಬೆಟ್ ಮಾತ್ರ ನಕಾಶೆಯಲ್ಲಿ ಬಿಳಿ ಜಾಗವಾಗಿಯೇ ಉಳಿದಿತ್ತು. ಪರಕೀಯರಿಗೆ ಅಲ್ಲಿ ಪ್ರವೇಶವಿಲ್ಲ, ಅಳತೆಯ ಸರಪಳಿ ಹಿಡಿದು ಹೋದರೆ ಜೀವ ಉಳಿಯದು. ಆಗ ಕ್ಯಾಪ್ಟನ್ ಮಾಂಟ್‌ಗೊಮರಿ ಎಂಬ ಅಧಿಕಾರಿಗೆ ಒಂದು ಉಪಾಯ ಹೊಳೆಯಿತು. ಗಡಿಯ ಜನರನ್ನೇ ತರಬೇತು ಮಾಡಿ ಕಳಿಸುವುದು. ಕುಮಾವೂಂ ಸೀಮೆಯ ಜೋಹಾರ್ ಕಣಿವೆಯ ಮಿಲಂ ಎಂಬ ಹಳ್ಳಿಯಲ್ಲಿ ನೈನ್ ಸಿಂಗ್ ರಾವತ್ ಎಂಬ ಶಾಲಾ ಮಾಸ್ತರ ಇದ್ದರು. ಆ ಕಣಿವೆಯವರು ಟಿಬೆಟ್ಟಿನೊಡನೆ ತಲೆತಲಾಂತರದಿಂದ ವ್ಯಾಪಾರ ಮಾಡಿದವರು, ಆಚೆಯ ಭಾಷೆಯನ್ನೂ ಈಚೆಯ ಭಾಷೆಯನ್ನೂ ಆಡುವವರು. ಗಡಿಯಲ್ಲಿ ಬಾಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಭಾಷೆ ಬಲ್ಲವನು ಎರಡೂ ಕಡೆಗೆ ಬೇಕಾಗುತ್ತಾನೆ.

ದೆಹರಾದೂನಿನಲ್ಲಿ ನೈನ್ ಸಿಂಗರಿಗೆ ಕಲಿಸಿದ ವಿದ್ಯೆಯಲ್ಲಿ ಮುಖ್ಯವಾದದ್ದು ನಡಿಗೆ. ಏರಾಗಲಿ ಇಳಿಜಾರಾಗಲಿ, ಹೆಜ್ಜೆ ಒಂದೇ ಅಳತೆಯದಾಗಿರಬೇಕು. ಎರಡೂವರೆ ಅಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎಣಿಸಲು ಕೊಟ್ಟದ್ದು ಒಂದು ಜಪಸರ. ಜಪಸರದಲ್ಲಿ 108 ಮಣಿ ಇರುವುದು ವಾಡಿಕೆ. ಇವರದ್ದರಲ್ಲಿ 100 ಮಾತ್ರ. ನೂರು ಹೆಜ್ಜೆಗೆ ಒಂದು ಮಣಿ ಸರಿಸಬೇಕು. ಸರ ಒಂದು ಸುತ್ತು ಬಂದರೆ ಹತ್ತು ಸಾವಿರ ಹೆಜ್ಜೆ, ಎಂದರೆ 5 ಮೈಲಿಯಷ್ಟು ದಾರಿ. ಈ ಹತ್ತು ಸಾವಿರವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ. ಕೈಯಲ್ಲಿ ತಿರುಗಿಸುವ ಪ್ರಾರ್ಥನಾ ಚಕ್ರದೊಳಗೆ ಮಂತ್ರದ ಸುರುಳಿಗೆ ಬದಲಾಗಿ ಅಳತೆ ಬರೆಯುವ ಕಾಗದ ಇತ್ತು. ಪಾದರಸವನ್ನು ಕವಡೆಗಳಲ್ಲಿ ತುಂಬಿ ಒಯ್ದಿದ್ದರು. ನೀರು ಕುದಿಯುವ ಉಷ್ಣತೆ ನೋಡಿ ಎತ್ತರ ತಿಳಿಯಲು ಉಷ್ಣಮಾಪಕವೂ ಇತ್ತು.

1865ರಲ್ಲಿ ಹೊರಟ ನೈನ್ ಸಿಂಗ್ ವ್ಯಾಪಾರಿಯ ವೇಷದಲ್ಲಿ ನೇಪಾಳದ ಮೂಲಕ ಹಾದು 1866ರ ಜನವರಿಯಲ್ಲಿ ಲ್ಹಾಸಾ ನಗರ ಮುಟ್ಟಿದರು. ಹೋಗಿಬಂದ ದಾರಿ ಸುಮಾರು 1,200 ಮೈಲಿ. ಅಷ್ಟನ್ನೂ ಹೆಜ್ಜೆಯಲ್ಲಿ ಎಣಿಸಿದ್ದರು. ಲ್ಹಾಸಾ ಎಲ್ಲಿದೆ, ಎಷ್ಟು ಎತ್ತರದಲ್ಲಿದೆ ಎಂಬುದು ಹೊರಗಿನ ಪ್ರಪಂಚಕ್ಕೆ ಸರಿಯಾಗಿ ತಿಳಿದದ್ದು ಆ ಜಪಸರದಿಂದ. ಇದೇ ತಂಡದ ಕಿಶನ್ ಸಿಂಗ್ ಎಂಬುವರು 1878ರಿಂದ 1882ರವರೆಗೆ ಸಂಚಾರ ಮಾಡಿದರು. ಕಳ್ಳರ ಭಯಕ್ಕೆ ಒಂದು ಕಡೆ ಕುದುರೆ ಏರಲೇಬೇಕಾಯಿತಂತೆ. ಆಗಲೂ ಎಣಿಕೆ ಬಿಡಲಿಲ್ಲ, ಕುದುರೆಯ ಹೆಜ್ಜೆ ಎಣಿಸಿದರು!

ಒಂದು ವಿಷಯ ಗಮನಿಸಿ. ನೈನ್ ಸಿಂಗ್ ಎಣಿಸಿದ್ದು ಹೆಜ್ಜೆಯನ್ನು ಮಾತ್ರ. ದೂರ ಎಂಬುದು ಅದರಿಂದ ಕಟ್ಟಿದ ಲೆಕ್ಕ. ಹೆಜ್ಜೆಯ ಅಳತೆ ಎರಡು ಬೆರಳು ತಪ್ಪಿದ್ದರೆ ಲ್ಹಾಸಾ ನಕಾಶೆಯಲ್ಲಿ ಎಲ್ಲೋ ಹೋಗುತ್ತಿತ್ತು. ಆದ್ದರಿಂದಲೇ ಮೊದಲು ಹೆಜ್ಜೆಯನ್ನು ತಿದ್ದಿದರು, ದಾರಿಯಲ್ಲಿ ನಕ್ಷತ್ರ ನೋಡಿ ತಾಳೆ ಹಾಕಿದರು. ಇನ್ನೊಂದು ವಿಷಯವೂ ಇದೆ. ಹೆಜ್ಜೆ ಅವರದು, ನಕಾಶೆ ಇಲಾಖೆಯದು. ಗುಟ್ಟು ಕಾಯಲು ವರದಿಗಳಲ್ಲಿ ಅವರ ಹೆಸರನ್ನೂ ಮರೆಸಿ ‘ಪಂಡಿತ’ ಎಂದಷ್ಟೇ ಬರೆದರು. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ಕೊಟ್ಟದ್ದು 1877ರಲ್ಲಿ. ಅವರ ಚಿತ್ರವಿರುವ ಅಂಚೆ ಚೀಟಿ ನಮ್ಮ ದೇಶದಲ್ಲಿ ಹೊರಬಂದದ್ದು 2004ರಲ್ಲಿ.

ಇನ್ನು ಜಪಾನಿಗೆ ಹೋಗೋಣ. 1964ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆಯಿತು. ಜನರಿಗೆ ವ್ಯಾಯಾಮದ ಹುಮ್ಮಸ್ಸು ಬಂದಿತ್ತು. ಮರುವರ್ಷ, 1965ರಲ್ಲಿ, ಯಾಮಾಸಾ ಎಂಬ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಕೆಯ ಯಂತ್ರವನ್ನು ಮಾರಾಟಕ್ಕೆ ತಂದಿತು. ಹೆಸರು ‘ಮಾನ್‌ಪೋ-ಕೆಯ್’. ಅರ್ಥ, ಹತ್ತು ಸಾವಿರ ಹೆಜ್ಜೆಯ ಮಾಪಕ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕು ಎಂದು ಇಂದು ನಿಮ್ಮ ಗಡಿಯಾರ ಒತ್ತಾಯಿಸುತ್ತದಲ್ಲ, ಆ ಅಂಕೆ ಹರಡಿದ್ದು ಈ ಹೆಸರಿನಿಂದ. ನೆನಪಿಗೆ ಸುಲಭ, ಕಿವಿಗೆ ಇಂಪು. ದೊಡ್ಡ ಸಂಶೋಧನೆಯಿಂದ ಬಂದ ಅಂಕೆ ಇದಲ್ಲ. ನೈನ್ ಸಿಂಗರ ಸರದ ಹತ್ತು ಸಾವಿರಕ್ಕೂ ಇದಕ್ಕೂ ಸಂಬಂಧವಿಲ್ಲ. ದುಂಡು ಸಂಖ್ಯೆಯ ಮೇಲೆ ಮನುಷ್ಯನಿಗೆ ಮೋಹ, ಅಷ್ಟೇ.

ಸಂಶೋಧನೆ ನಡೆದದ್ದು ಬಹಳ ತಡವಾಗಿ. 2019ರಲ್ಲಿ ಅಮೆರಿಕದಲ್ಲಿ 16,741 ಹೆಂಗಸರ ಹೆಜ್ಜೆ ಲೆಕ್ಕವನ್ನು ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 72. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆದವರಿಗಿಂತ 4,400 ನಡೆದವರಲ್ಲಿ ಸಾವಿನ ಪ್ರಮಾಣ 41 ಶೇಕಡಾ ಕಡಿಮೆ ಇತ್ತು. 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. 2022ರಲ್ಲಿ ಹದಿನೈದು ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಅರವತ್ತು ದಾಟಿದವರಿಗೆ ಆರರಿಂದ ಎಂಟು ಸಾವಿರ, ಅದಕ್ಕಿಂತ ಕಿರಿಯರಿಗೆ ಎಂಟರಿಂದ ಹತ್ತು ಸಾವಿರದ ಹತ್ತಿರ ಲಾಭ ನಿಲ್ಲುತ್ತದೆ ಎಂದು ಕಂಡಿತು. ಮೊಮ್ಮಗನ ಗಡಿಯಾರ ಹತ್ತು ಸಾವಿರ ತೋರಿಸಿತೆಂದು ಅಜ್ಜಿ ಚಿಂತೆ ಮಾಡಬೇಕಾಗಿಲ್ಲ.

ಕೈಪಟ್ಟಿಯ ಒಳಗೆ ಏನಿದೆ ಎಂಬುದಕ್ಕೆ ಬರುತ್ತೇನೆ. ಮೊದಲನೆಯದು ಅಲುಗಾಟ ತಿಳಿಯುವ ಸಣ್ಣ ಚಿಪ್. 1990ರ ದಶಕದಲ್ಲಿ ಕಾರು ಡಿಕ್ಕಿ ಹೊಡೆದಾಗ ಗಾಳಿಚೀಲ ಬಿಚ್ಚಿಕೊಳ್ಳಲೆಂದು ಇಂಥ ಚಿಪ್ಪುಗಳು ಬಳಕೆಗೆ ಬಂದವು. ಅಗ್ಗವಾದ ಮೇಲೆ ಆಟದ ಯಂತ್ರಗಳಿಗೂ ಫೋನುಗಳಿಗೂ ಇಳಿದವು. 2007ರಲ್ಲಿ ಜೇಮ್ಸ್ ಪಾರ್ಕ್ ಮತ್ತು ಎರಿಕ್ ಫ್ರೀಡ್‌ಮನ್ ಎಂಬ ಇಬ್ಬರು ಅಮೆರಿಕದಲ್ಲಿ ಫಿಟ್‌ಬಿಟ್ ಕಂಪನಿಯನ್ನು ಶುರು ಮಾಡಿದರು. 2009ರಲ್ಲಿ ಬಂದ ಅವರ ಮೊದಲ ಯಂತ್ರ ಬಟ್ಟೆಗೆ ಸಿಕ್ಕಿಸುವಂಥದು, ಕೈಪಟ್ಟಿ ಆಮೇಲಿನದು. 2014ರಲ್ಲಿ ಚೀನಾದ ಶಿಯೋಮಿ ಕಂಪನಿ 79 ಯುವಾನ್ ಬೆಲೆಗೆ ಎಂಐ ಬ್ಯಾಂಡ್ ತಂದಿತು. ಅದಕ್ಕೆ ಪರದೆಯೇ ಇರಲಿಲ್ಲ, ಮೂರು ದೀಪಗಳಷ್ಟೇ. 2015ರಲ್ಲಿ ಅದು 999 ರೂಪಾಯಿಗೆ ನಮ್ಮ ದೇಶಕ್ಕೆ ಬಂತು. ಅದೇ ವರ್ಷ ಆಪಲ್ ಕಂಪನಿಯ ಗಡಿಯಾರವೂ ಬಂತು. ಅಗ್ಗದ್ದರಲ್ಲಿ ಒಂದು ದಾರಿ, ದುಬಾರಿಯದರಲ್ಲಿ ಒಂದು ದಾರಿ, ಅಲ್ಲಿಂದ ಕವಲೊಡೆಯಿತು.

ಈ ಚಿಪ್ ಕಾಲನ್ನು ಕಾಣುವುದಿಲ್ಲ. ಕೈ ಬೀಸಿದ ರೀತಿ ನೋಡಿ ಇದು ಹೆಜ್ಜೆಯಿರಬೇಕು ಎನ್ನುತ್ತದೆ. ಪಟ್ಟಣದ ಉದ್ಯಾನದಲ್ಲಿ ಕೈ ಬೀಸಿ ನಡೆಯುವವರ ಲೆಕ್ಕ ಬಹುಮಟ್ಟಿಗೆ ಸರಿಯಾಗಿರುತ್ತದೆ. ಆದರೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು, ಎರಡು ಕೈಯಲ್ಲೂ ಹಿಡಿದುಕೊಂಡು ಮೈಲಿಗಟ್ಟಲೆ ಬರುವ ಹೆಂಗಸಿಗೆ ಅದು ಕಡಿಮೆ ಲೆಕ್ಕ ಕೊಡುತ್ತದೆ. ಕೈಗಾಡಿ ತಳ್ಳುವವನಿಗೂ ಹಾಗೇ. ಕುಳಿತಲ್ಲೇ ಕೈಯಾಡಿಸಿ ಕೆಲಸ ಮಾಡುವವರಿಗೆ ನಡೆಯದ ಹೆಜ್ಜೆ ಕೂಡಿಸಿದರೂ ಕೂಡಿಸೀತು. ಬಗ್ಗಿ ಕಳೆ ಕೀಳುವುದು, ನೀರು ಸೇದುವುದು ಯಾವ ಪೆಟ್ಟಿಗೆಯ ಚಿತ್ರದಲ್ಲೂ ಇಲ್ಲ. ಹೊಲದಲ್ಲಿ ದುಡಿಯುವವರು ‘ಇಂದು ಸಾಲದು, ಇನ್ನೂ ನಡೆಯಿರಿ’ ಎಂಬ ಗಡಿಯಾರದ ಮಾತಿಗೆ ನಕ್ಕು ಸುಮ್ಮನಾಗಬಹುದು.

ಎರಡನೆಯದು ಬೆಳಕು. ಗಡಿಯಾರ ಮಗುಚಿದರೆ ಹಸಿರು ದೀಪ ಮಿನುಗುವುದು ಕಾಣುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಹೃದಯ ಬಡಿದಾಗಲೆಲ್ಲ ಚರ್ಮದ ಕೆಳಗೆ ರಕ್ತ ಹೆಚ್ಚುಕಡಿಮೆಯಾಗುವುದರಿಂದ ಹಿಂದಿರುಗುವ ಬೆಳಕೂ ಏರಿಳಿಯುತ್ತದೆ. ಆ ಏರಿಳಿತ ಎಣಿಸಿದರೆ ನಾಡಿ. ಬೆಳಕಿನಿಂದ ನಾಡಿ ಹಿಡಿಯುವ ಈ ವಿದ್ಯೆಯನ್ನು ಆಲ್ರಿಕ್ ಹರ್ಟ್ಸ್‌ಮನ್ ಎಂಬ ಅಮೆರಿಕದ ವಿಜ್ಞಾನಿ 1930ರ ದಶಕದಲ್ಲೇ ತೋರಿಸಿದ್ದರು. ಫಿನ್‌ಲೆಂಡಿನ ಪೋಲಾರ್ ಕಂಪನಿ 1982ರಲ್ಲಿ ಬೇರೆ ದಾರಿ ಹಿಡಿದು, ಎದೆಗೆ ಪಟ್ಟಿ ಕಟ್ಟಿ ಹೃದಯದ ವಿದ್ಯುತ್ತನ್ನೇ ಹಿಡಿದು ಕೈಗಡಿಯಾರಕ್ಕೆ ತಂತಿಯಿಲ್ಲದೆ ಕಳಿಸಿತು. ಓಡುವಾಗ, ಬೆವರುವಾಗ ಎದೆಪಟ್ಟಿಯೇ ಇಂದಿಗೂ ಹೆಚ್ಚು ನಂಬಿಕೆಯದು. ಸುಮ್ಮನೆ ಕುಳಿತಾಗ ಕೈಪಟ್ಟಿಯ ನಾಡಿ ಸಾಕಷ್ಟು ಸರಿ.

ರಕ್ತದ ಆಮ್ಲಜನಕ ನೋಡುವ ಉಪಾಯ ಜಪಾನಿನ ತಾಕುವೊ ಅವೊಯಾಗಿ ಅವರದು, 1974ರದು. ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಅವರಕ್ತ ಬೆಳಕು, ಎರಡನ್ನೂ ಹಾಯಿಸಿ ಹೋಲಿಸುವುದು. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿ ನೋಡುತ್ತಿದ್ದ ಆ ಪುಟ್ಟ ಯಂತ್ರ ಇದೇ. ಚರ್ಮದ ಬಣ್ಣ ಕಪ್ಪಾದಷ್ಟೂ ಅದು ಮೋಸ ಹೋಗುವ ಸಂಭವ ಹೆಚ್ಚು ಎಂದು 2020ರಲ್ಲಿ ಅಮೆರಿಕದ ಆಸ್ಪತ್ರೆಗಳ ಲೆಕ್ಕದಿಂದ ಹೊರಬಿತ್ತು. ಬೆರಳಿನಲ್ಲೇ ಹೀಗಾದರೆ ಮಣಿಕಟ್ಟಿನ ಅಂಕೆಯನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು.

ಕೆಲವು ದುಬಾರಿ ಗಡಿಯಾರಗಳಲ್ಲಿ ಇಸಿಜಿ ಇದೆ. ಆಪಲ್ ಅದನ್ನು ತಂದದ್ದು 2018ರಲ್ಲಿ. ಒಂದು ಕೈಗೆ ಕಟ್ಟಿ ಇನ್ನೊಂದು ಕೈಯ ಬೆರಳನ್ನು ಲೋಹದ ಗುಬುಟಿಗೆ ಮುಟ್ಟಿಸಿದರೆ ಎರಡು ಕೈಗಳ ನಡುವೆ ಹೃದಯದ ವಿದ್ಯುತ್ತಿನ ಗೆರೆ ಬರುತ್ತದೆ. ಬಡಿತದ ತಾಳ ತಪ್ಪಿದ್ದರೆ ಗೊತ್ತಾಗುತ್ತದೆ, ಇದು ನಿಜವಾದ ಉಪಯೋಗ. ಆದರೆ ಹೃದಯಾಘಾತವನ್ನು ಇದು ಕಂಡುಹಿಡಿಯಲಾರದು ಎಂದು ಕಂಪನಿಯೇ ಹೇಳುತ್ತದೆ. ಎದೆ ಹಿಡಿದುಕೊಂಡಾಗ ಗಡಿಯಾರ ನೋಡುತ್ತ ಕೂರುವಂತಿಲ್ಲ.

ಹಾಗಾದರೆ ಉಳಿದ ಅಂಕೆಗಳು? ಕರಗಿದ ಕ್ಯಾಲೊರಿ, ಗಾಢ ನಿದ್ದೆಯ ಗಂಟೆ, ಒತ್ತಡದ ಮಟ್ಟ, ಇವೆಲ್ಲ ಅಲುಗಾಟ ಮತ್ತು ನಾಡಿಯಿಂದ ಕಟ್ಟಿದ ಅಂದಾಜು. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಬಗೆಯ ಕೈಪಟ್ಟಿಗಳನ್ನು 60 ಜನರಿಗೆ ಕಟ್ಟಿ ಪರೀಕ್ಷಿಸಿದರು. ಏಳರಲ್ಲಿ ಆರು ನಾಡಿಯನ್ನು 5 ಶೇಕಡಾದೊಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿಯಲ್ಲಿ ಎಲ್ಲಕ್ಕಿಂತ ಒಳ್ಳೆಯದೂ 27 ಶೇಕಡಾ ತಪ್ಪಿತು, ಕೆಟ್ಟದ್ದು 93 ಶೇಕಡಾ! ಹೋಲಿಸಿ ಕೊಳ್ಳುವವರು ಈ ಒಂದು ಪರೀಕ್ಷೆಯನ್ನು ನೆನಪಿಟ್ಟರೆ ಅರ್ಧ ಕೆಲಸ ಮುಗಿಯಿತು. ರಕ್ತದೊತ್ತಡಕ್ಕೆ ಬಂದರೆ, ಪಟ್ಟಿಯೇ ಗಾಳಿ ತುಂಬಿ ಬಿಗಿಯುವ ಗಡಿಯಾರವೊಂದಕ್ಕೆ, ಓಮ್ರಾನ್ ಕಂಪನಿಯದಕ್ಕೆ, 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಸಿಕ್ಕಿತು. ಬೆಳಕಿನಿಂದ ಬಿಪಿ ಹೇಳುವ ಸ್ಯಾಮ್‌ಸಂಗ್ ಗಡಿಯಾರವನ್ನು ನಾಲ್ಕು ವಾರಕ್ಕೊಮ್ಮೆ ತೋಳುಪಟ್ಟಿಯ ಯಂತ್ರದೊಡನೆ ತಾಳೆ ಹಾಕಬೇಕೆಂದು ಅವರೇ ಹೇಳುತ್ತಾರೆ. ನೈನ್ ಸಿಂಗ್ ನಕ್ಷತ್ರ ನೋಡಿದ ಹಾಗೆ.

ಇನ್ನು ಸಕ್ಕರೆ. 2024ರ ಫೆಬ್ರುವರಿಯಲ್ಲಿ ಅದೇ ಅಮೆರಿಕದ ಸಂಸ್ಥೆ ಜನರಿಗೆ ಎಚ್ಚರಿಕೆ ಕೊಟ್ಟಿತು: ಚರ್ಮ ಚುಚ್ಚದೆ ತಾನೇ ಸಕ್ಕರೆ ಅಳೆಯುವ ಯಾವ ಗಡಿಯಾರಕ್ಕೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ, ಅಂಥವನ್ನು ನಂಬಿ ಔಷಧ ಹೆಚ್ಚುಕಡಿಮೆ ಮಾಡಿದರೆ ಅಪಾಯ. ಚರ್ಮದ ಕೆಳಗೆ ಸಣ್ಣ ಎಳೆ ಇಳಿಸಿ, ತೋಳಿಗೆ ಅಂಟಿಸುವ ಬೇರೆ ಸಾಧನವಿದೆ. ಅದರ ಅಂಕೆಯನ್ನು ಗಡಿಯಾರದಲ್ಲಿ ನೋಡಬಹುದು. ಆಗ ಅಳೆಯುವುದು ಆ ಎಳೆ, ಗಡಿಯಾರ ಬರೀ ಓದಿ ಹೇಳುತ್ತದೆ.

ಕಾಕಾ ಆ ಗಡಿಯಾರ ನಂಬಿ ಎರಡು ವಾರ ಗುಳಿಗೆ ಬಿಟ್ಟಿದ್ದರು. ಕಾಲು ಜೋಮು ಹಿಡಿಯಿತು, ರಾತ್ರಿ ನಾಲ್ಕೈದು ಸಲ ಏಳುವಂತಾಯಿತು. ಅವರಿಗೆ ಹೇಗೆ ಹೇಳುವುದು ಎಂದು ತೋಚದೆ, ಅಡುಗೆಮನೆಯಿಂದ ಒಂದು ಸವತೀಕಾಯಿ ತಂದು ಅದಕ್ಕೆ ಗಡಿಯಾರ ಕಟ್ಟಿದೆ. ಸ್ವಲ್ಪ ಹೊತ್ತು ಹಸಿರು ದೀಪ ಮಿನುಗಿತು. ಸವತೀಕಾಯಿಗೆ ನಾಡಿಯೂ ಇತ್ತು, ಬಿಪಿಯೂ ಇತ್ತು, ಸಕ್ಕರೆಯೂ ಇತ್ತು! ಮೂರೂ ಬಲು ಆರೋಗ್ಯವಾಗಿದ್ದವು. ಕಾಕೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಕಾಕಾ ನಗಲಿಲ್ಲ. “ನಡಿ, ದವಾಖಾನೆಗೆ ಹೋಗೂಣು” ಎಂದರು. ಅಲ್ಲಿ ಬೆರಳು ಚುಚ್ಚಿ ನೋಡಿದಾಗ ಬಂದ ಅಂಕೆ ಗಡಿಯಾರ ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಮೀರಿತ್ತು. ಗುಳಿಗೆ ಮತ್ತೆ ಶುರುವಾಯಿತು. ಮಗನಿಗೆ ಇದನ್ನು ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಊರು ಹೇಳಿಯೂ ಹೆಸರು ಹೇಳದಿರುವುದು ಅದಕ್ಕೇ.

ನಕಾಶೆ ಇಲಾಖೆಯದು ಎಂದೆನಲ್ಲ, ಅದಕ್ಕೂ ಇಂದಿನ ಜೋಡಿ ಇದೆ. ಸ್ಟ್ರಾವಾ ಎಂಬ ಕಂಪನಿ ತನ್ನ ಗ್ರಾಹಕರು ಓಡಿದ, ನಡೆದ ದಾರಿಗಳನ್ನೆಲ್ಲ ಸೇರಿಸಿ 2017ರ ನವೆಂಬರಿನಲ್ಲಿ ಒಂದು ಜಗತ್ತಿನ ನಕಾಶೆ ಹೊರಡಿಸಿತು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ನೋಡುತ್ತಾನೆ, ಮರುಭೂಮಿಯ ಕತ್ತಲಲ್ಲಿ ಸಣ್ಣ ಸಣ್ಣ ಬೆಳಕಿನ ಗೆರೆಗಳು. ಸೈನಿಕರು ತಮ್ಮ ಶಿಬಿರದ ಸುತ್ತ ಓಡಿದ ದಾರಿಗಳು ಅವು. ಗುಟ್ಟಿನ ಶಿಬಿರಗಳು ಬಯಲಾದವು. ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಯುದ್ಧಪ್ರದೇಶಗಳಲ್ಲಿ ಸ್ಥಳ ತಿಳಿಸುವ ಇಂಥ ಸಾಧನಗಳ ಬಳಕೆ ನಿಲ್ಲಿಸಿತು. ಫಿಟ್‌ಬಿಟ್ ಕಂಪನಿಯನ್ನು 2021ರ ಜನವರಿಯಲ್ಲಿ ಗೂಗಲ್ ಕೊಂಡಿತು. ಕಂಪನಿ ಕೈ ಬದಲಾದಾಗ ಅದರಲ್ಲಿ ಕೂಡಿದ್ದ ಜನರ ಲೆಕ್ಕಗಳ ಒಡೆತನವೂ ಬದಲಾಗುತ್ತದೆ. ಗಡಿಯಾರವನ್ನು ಫೋನಿಗೆ ಜೋಡಿಸುವಾಗ ಅದು ಫೋನ್‌ಪುಸ್ತಕ, ಸ್ಥಳ, ಸಂದೇಶ ಎಲ್ಲಕ್ಕೂ ಅನುಮತಿ ಕೇಳುತ್ತದೆ. ಹೆಜ್ಜೆ ಎಣಿಸಲು ನಿಮ್ಮ ನೆಂಟರ ಫೋನ್ ನಂಬರು ಬೇಕಾಗಿಲ್ಲ. ಬೇಡ ಎಂದು ಒತ್ತಿ.

ಕೊಳ್ಳುವುದಾದರೆ ಏನು ನೋಡಬೇಕು? ನಡಿಗೆ ಮತ್ತು ನಾಡಿಗಷ್ಟೇ ಆದರೆ ಅಗ್ಗದ ಕೈಪಟ್ಟಿ ಸಾಕು. ದಾರಿಯ ದೂರ ಬೇಕಿದ್ದರೆ ಜಿಪಿಎಸ್ ಗಡಿಯಾರದಲ್ಲೇ ಇದೆಯೋ, ಫೋನಿನದನ್ನು ಎರವಲು ಪಡೆಯುತ್ತದೆಯೋ ಎಂದು ಕೇಳಿ. ಎರವಲಿನದಾದರೆ ಫೋನ್ ಜೇಬಿನಲ್ಲಿರಲೇಬೇಕು. ಚಾರ್ಜು ಎಷ್ಟು ದಿನ ಬರುತ್ತದೆ ಎಂಬುದು ಕರೆಂಟು ಹೋಗಿಬರುವ ಊರಿನಲ್ಲಿ ಸಣ್ಣ ಮಾತಲ್ಲ. ದೊಡ್ಡ ಪರದೆಯ ಗಡಿಯಾರಗಳಲ್ಲಿ ಅನೇಕವು ಒಂದೆರಡು ದಿನಕ್ಕೇ ಮಲಗುತ್ತವೆ, ಸರಳ ಪಟ್ಟಿಗಳು ವಾರ ದಾಟುತ್ತವೆ. ಸಕ್ಕರೆ ಹೇಳುತ್ತೇನೆ ಎನ್ನುವುದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಆ ಒಂದು ಸುಳ್ಳು ಹೇಳುವ ಗಡಿಯಾರದ ಉಳಿದ ಮಾತಿಗೂ ನಾನು ಬೆಲೆ ಕೊಡುವುದಿಲ್ಲ.

ಮನೆಯಲ್ಲಿ ಈಗಾಗಲೇ ಒಂದಿದ್ದರೆ ಹೀಗೆ ಮಾಡಿ. ಜೇಬಿನಲ್ಲಿ ಹತ್ತು ಹುಣಸೆಬೀಜ ಹಾಕಿಕೊಳ್ಳಿ. ಗಡಿಯಾರದ ಅಂಕೆ ಬರೆದಿಟ್ಟುಕೊಂಡು ನಡೆಯಲು ಶುರು ಮಾಡಿ, ನೂರು ಹೆಜ್ಜೆಗೆ ಒಂದು ಬೀಜವನ್ನು ಇನ್ನೊಂದು ಜೇಬಿಗೆ ಹಾಕಿ. ಬೀಜ ಮುಗಿದಾಗ ಗಡಿಯಾರ ನೋಡಿ. ಆಮೇಲೆ ಅದೇ ದಾರಿಯನ್ನು ತಲೆಯ ಮೇಲೆ ಬುಟ್ಟಿ ಹೊತ್ತು ಇನ್ನೊಮ್ಮೆ ನಡೆಯಿರಿ. ಎರಡು ಅಂಕೆಗಳನ್ನೂ ಒಂದು ಕಾರ್ಡಿನಲ್ಲಿ ಬರೆದು ಈ ಕಾರ್ಯಕ್ರಮಕ್ಕೆ ಕಳಿಸಿ. ಯಾವ ಭಾಷೆಯಲ್ಲಿ ಎಣಿಸಿದಿರಿ ಎಂಬುದನ್ನೂ ಬರೆಯಿರಿ.